ಸೆಕೆಂಡಿಗೆ ಐದು ಸಲ

ಜೂನ್ 3

ನಮ್ಮ ಗಡಿಯಾರಕ್ಕೆ ಅತ್ತಿಗೆಯ ಆಶೀರ್ವಾದ.

ಈ ಕಾಲದಲ್ಲಿ ಕಾಗದ ಬರೆಯುತ್ತಾಳಲ್ಲ, ಇವಳಿಗೇನು ಬಂತು ಅಂತ ನಗಬೇಡ. ಎಡಿಟಿಂಗ್ ಕಂಪ್ಯೂಟರ್ ಬೆಳಿಗ್ಗೆಯಿಂದ ಕೆಲಸಕ್ಕೆ ಕೂತಿದೆ. ಅದು ಕೂತಾಗ ಮೌಸ್ ಮುಟ್ಟುವ ಹಾಗಿಲ್ಲ, ಮುಟ್ಟಿದರೆ ಮುನಿಸಿಕೊಂಡು ನಿಂತೇಬಿಡುತ್ತದೆ. ಮನೆಗೂ ಸ್ಟುಡಿಯೋಗೂ ಸೇರಿ ಇರುವುದು ಒಂದೇ ಫೋನು, ಅದು ನಿಮ್ಮಣ್ಣನ ಮೇಜಿನ ಮೇಲೆ. ಅದಕ್ಕೇ ಹಾರ್ಡ್ ಡಿಸ್ಕಿನ ಜೊತೆ ಈ ಕಾಗದವನ್ನೂ ಇಟ್ಟು ಕಳಿಸುತ್ತಿದ್ದೇನೆ.

ಪತ್ರಿಕೆಗೋಸ್ಕರ ಕಂಪ್ಯೂಟರುಗಳನ್ನು ಓಡಿಸಿ ಹೊತ್ತು ಅಳೆಯುವುದೇ ನಿನ್ನ ಕೆಲಸವಲ್ಲವೇ? ಚಿಕ್ಕವನಿದ್ದಾಗ ನಾನು ಅನ್ನ ಬೇಯಿಸುವುದನ್ನೂ ಗಡಿಯಾರ ಹಿಡಿದು ಅಳೆಯುತ್ತಿದ್ದೆ. ಈಗ ನನಗೊಂದು ಉಪಕಾರ ಮಾಡು. ನಮ್ಮದು ನಾಲ್ಕು ಕೋರಿನ ಹಳೆಯ ಮೆಷಿನ್, ಅಂದರೆ ಒಳಗೆ ದುಡಿಯುವ ಮೆದುಳು ನಾಲ್ಕಂತೆ. ಕತ್ತರಿಸಿ ಜೋಡಿಸುವುದು, ಬಣ್ಣ ತಿದ್ದುವುದು ಹೇಗೋ ನಡೆಯುತ್ತದೆ. ಚಿತ್ರದ ಅಲುಗಾಟ ತೆಗೆಯುವ ಕೆಲಸ ಕೊಟ್ಟರೆ ಮಾತ್ರ ಒಂದು ಗಂಟೆಯ ಶೂಟಿಂಗಿಗೆ ಹತ್ತೊಂಬತ್ತು ಗಂಟೆ ತಿನ್ನುತ್ತದೆ. ಈಗಿನ ಗಿರಾಕಿಗಳಿಗೆ ಚಿತ್ರ ತೇಲಿಕೊಂಡು ಹೋಗಬೇಕಂತೆ, ಅದಕ್ಕೆ ಈ ರಾಮಾಯಣ.

ಸೆಪ್ಟೆಂಬರಿನಲ್ಲಿ ಗಾಜಿನ ಕಾರ್ಖಾನೆಯವರದೊಂದು ದೊಡ್ಡ ಚಿತ್ರವಿದೆ. ಐದು ದಿನ, ದಿನಕ್ಕೆ ಮೂರು ಗಂಟೆ ಶೂಟಿಂಗ್. ಹಿಂದಿನ ದಿನ ತೆಗೆದದ್ದನ್ನು ಮರುದಿನ ಬೆಳಿಗ್ಗೆ ನಿಮ್ಮಣ್ಣನ ಜೊತೆ ಕೂತು ನೋಡುತ್ತೇವೆ ಎಂದು ಕಾರ್ಖಾನೆಯವರು ಕರಾರು ಹಾಕಿದ್ದಾರೆ. ಅಷ್ಟರೊಳಗೆ ನನ್ನ ಕೆಲಸ ಮುಗಿದಿರಬೇಕು, ಮುಗಿಯಲೇಬೇಕು. ಅದಕ್ಕೆ ಎಷ್ಟು ಕೋರು ಬೇಕು? ಎಂಟೇ, ಹದಿನಾರೇ, ಮೂವತ್ತೆರಡೇ? ಯಾವ ಸಾಫ್ಟ್‌ವೇರ್ ಒಳ್ಳೆಯದು? ಶಾಲೆಯೊಂದರ ಆಟೋಟದ ಎಂಟು ನಿಮಿಷದ ತುಣುಕು ಡಿಸ್ಕಿನಲ್ಲಿದೆ, ಅದರ ಮೇಲೇ ಪರೀಕ್ಷೆ ಮಾಡು.

ನಿಮ್ಮಣ್ಣ ಚೆನ್ನಾಗಿದ್ದಾರೆ. ಟೀ ಕಡಿಮೆ ಮಾಡಿದ್ದಾರೆ, ಅರ್ಧ ಲೋಟಕ್ಕಿಂತ ಹೆಚ್ಚು ಹಾಕಿಸಿಕೊಳ್ಳುವುದಿಲ್ಲ. ಕ್ಯಾಮೆರಾಕ್ಕೆ ಒಂದು ಸ್ಟ್ಯಾಂಡ್ ತರೋಣ ಎಂದರೆ ಅದೇ ಹಳೆಯ ಮಾತು: "ಸ್ಟ್ಯಾಂಡ್ ಬೇಕಾಗೋದು ಸೈಕಲ್ಲಿಗೆ ಕಣೇ, ನನಗಲ್ಲ." ಈ ಡಿಸ್ಕಿನ ವಿಷಯ ಅವರ ಕಿವಿಗೆ ಹಾಕಬೇಡ. ಹೊಸ ಮೆಷಿನ್ ಎಂದರೆ ಸಿಡುಕುತ್ತಾರೆ.

ನಿನ್ನ ಹೆಂಡತಿಯನ್ನು ಕೇಳಿದೆನೆಂದು ಹೇಳು.

ಅತ್ತಿಗೆ

ಜೂನ್ 14

ಅತ್ತಿಗೆಗೆ ನಮಸ್ಕಾರ.

ನಿಮ್ಮ ಡಿಸ್ಕು ನನಗೆ ಹಬ್ಬ ತಂದಿತು! ಕಚೇರಿಯಲ್ಲಿ ನಾಲ್ಕು, ಎಂಟು, ಹದಿನಾರು, ಮೂವತ್ತೆರಡು ಕೋರುಗಳ ಮೆಷಿನ್‌ಗಳನ್ನು ಸಾಲಾಗಿ ಇಟ್ಟು, ಮೂರು ಸಾಫ್ಟ್‌ವೇರುಗಳಲ್ಲಿ ಅರವತ್ತು ಸಲಕ್ಕಿಂತ ಹೆಚ್ಚು ಓಡಿಸಿದೆ. ಸಹೋದ್ಯೋಗಿಗಳು ನನ್ನ ಮೇಜಿನ ಹತ್ತಿರ ಬರುವುದನ್ನೇ ಬಿಟ್ಟಿದ್ದಾರೆ, ಫ್ಯಾನುಗಳ ಗದ್ದಲ ಅಷ್ಟಿದೆ.

ಕತ್ತರಿಸಿ ಬಣ್ಣ ತಿದ್ದಿ ಹೊರತೆಗೆಯುವುದಕ್ಕೆ ನಾಲ್ಕು ಕೋರಿಗೆ ನಲವತ್ತು ನಿಮಿಷ, ಎಂಟಕ್ಕೆ ಇಪ್ಪತ್ತೆರಡು, ಹದಿನಾರಕ್ಕೆ ಹದಿಮೂರು, ಮೂವತ್ತೆರಡಕ್ಕೆ ಹನ್ನೊಂದು. ಇದು ಸರಿ. ಆದರೆ ನಿಮಗೆ ಬೇಕಾದದ್ದು ಇದಲ್ಲವಲ್ಲ. ಅಲುಗಾಟ ತೆಗೆಯುವುದಕ್ಕೆ ನಾಲ್ಕು ಕೋರಿಗೆ ಎಪ್ಪತ್ತೆರಡು ನಿಮಿಷ. ಎಂಟಕ್ಕೆ ಎಪ್ಪತ್ತೊಂದು. ಹದಿನಾರಕ್ಕೂ ಎಪ್ಪತ್ತೊಂದು. ಮೂವತ್ತೆರಡಕ್ಕೆ ಎಂಬತ್ನಾಲ್ಕು! ದುಬಾರಿ ಮೆಷಿನ್ನೇ ಹಿಂದೆ ಬಿತ್ತು. ಯಾವ ಸಾಫ್ಟ್‌ವೇರಿನಲ್ಲೂ ಇದೇ ಕಥೆ, ನಿಮಿಷ ಆಚೀಚೆ ಅಷ್ಟೇ.

ಕಾರಣ ಇಷ್ಟು. ಒಂದು ಚಿತ್ರ ಎಷ್ಟು ಅಲುಗಿದೆ ಎಂದು ತಿಳಿಯಲು ಅದರ ಹಿಂದಿನ ಚಿತ್ರ ಬೇಕು. ಹಿಂದಿನದಕ್ಕೆ ಅದರ ಹಿಂದಿನದು ಬೇಕು. ಕೆಲಸವನ್ನು ಹಂಚಿಕೊಳ್ಳಲು ಬರುವುದೇ ಇಲ್ಲ. ಪರದೆಯ ಮೇಲೆ ನೋಡಿದರೆ ಒಂದು ಕೋರು ಬೆವರು ಸುರಿಸುತ್ತಿರುತ್ತದೆ, ಮಿಕ್ಕ ಮೂವತ್ತೊಂದು ಕೈಕಟ್ಟಿ ಕೂತಿರುತ್ತವೆ. ದುಡಿಯುವವನೊಬ್ಬ, ಉಣ್ಣುವವರು ಹತ್ತು ಜನ ಎನ್ನುತ್ತೀರಲ್ಲ, ಹಾಗೆ. ಇನ್ನು ದೊಡ್ಡ ಮೆಷಿನ್ನಿನಲ್ಲಿ ಒಂದೊಂದು ಕೋರಿನ ವೇಗವೂ ಕಡಿಮೆ, ಅದಕ್ಕೇ ಅದು ಹಿಂದೆ ಬಿದ್ದದ್ದು.

ಅಂದರೆ ಎಷ್ಟೇ ಒಳ್ಳೆಯ ಮೆಷಿನ್ ತಂದರೂ ಒಂದು ಗಂಟೆಯ ಶೂಟಿಂಗಿಗೆ ಒಂಬತ್ತು ಗಂಟೆ ಬೇಕು. ಮೂರು ಗಂಟೆಗೆ ಇಪ್ಪತ್ತೇಳು. ದಿನಕ್ಕಿರುವುದು ಇಪ್ಪತ್ನಾಲ್ಕೇ.

ಅದು ಬಿಡಿ, ಇದನ್ನು ತೆಗೆದವನು ಯಾರು? ನಾನು ಚಿತ್ರ ನೋಡುವುದಿಲ್ಲ, ಶಬ್ದ ಮುಚ್ಚಿ ಅಂಕಿಗಳನ್ನೇ ನೋಡುತ್ತೇನೆ. ಆದರೂ ಓರೆಗಣ್ಣಿಗೆ ಬಿದ್ದಷ್ಟರಲ್ಲೇ ತಲೆ ತಿರುಗಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಇವನು ಮೈದಾನ ಡೊಂಕು ಎನ್ನುತ್ತಾನೇನೋ! ಅಣ್ಣನ ಕಣ್ಣಿಗೆ ಇದು ಬಿದ್ದಿಲ್ಲವೇ? ಕ್ಯಾಮೆರಾದ ಮೇಲೆ ನೀರು ತುಂಬಿದ ಲೋಟ ಇಟ್ಟರೂ ತುಳುಕಿಸದವನು ಅವನು. ಅವನ ಕೈ ಅಲುಗಿದ್ದು ಆಯುಸ್ಸಿನಲ್ಲಿ ಒಂದೇ ಸಲ, ನನ್ನ ಮದುವೆಯಲ್ಲಿ, ನಾನು ರಿಜಿಸ್ಟರಿಗೆ ಸಹಿ ಹಾಕುತ್ತಾ ಅತ್ತಾಗ. "ಎತ್ತಿ ಆಡಿಸಿದ ಹುಡುಗ ಗಂಡಸಾದನಲ್ಲ ಅಂತ ಕೈ ತಡೀಲಿಲ್ಲ ಕಣೋ" ಅಂದಿದ್ದ. ನನ್ನವಳು ಈಗಲೂ ಮನೆಗೆ ಬಂದವರಿಗೆಲ್ಲ ಆ ಜಾಗವನ್ನೇ ಹಾಕಿ ತೋರಿಸುತ್ತಾಳೆ. ನಾಲ್ಕು ವರ್ಷವಾದರೂ ನನಗೆ ಅಲ್ಲಿ ಕಣ್ಣು ತುಂಬುತ್ತದೆ, ನಾಚಿಕೆಯಿಲ್ಲದೆ ಹೇಳುತ್ತೇನೆ.

ನಿಮ್ಮ
ಗಡಿಯಾರ

ಜೂನ್ 20

ಈ ಹಾಳೆಯನ್ನು ನಿನಗೆ ಕಳಿಸುವುದಿಲ್ಲ. ಬರೆಯದಿದ್ದರೆ ಎದೆ ಒಡೆಯುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ಅದನ್ನು ತೆಗೆದವರು ನಿಮ್ಮಣ್ಣನೇ ಕಣೋ.

ಕೈನಡುಕದ ಕಾಯಿಲೆ ಅಂತ ಡಾಕ್ಟರು ಹೇಳಿ ವರ್ಷವಾಯಿತು. ಬಲಗೈ. ಅರ್ಧ ಲೋಟ ಟೀ ಅದಕ್ಕೇ. ಅಂಗಿಯ ಗುಂಡಿ ನಾನು ಹಾಕುತ್ತೇನೆ, ಹಾಕುವಾಗ ಇಬ್ಬರೂ ಬೇರೆ ಏನಾದರೂ ಮಾತಾಡುತ್ತೇವೆ. ಕೆಲವರಿಗೆ ಏನಾದರೂ ಗಟ್ಟಿಯಾಗಿ ಹಿಡಿದಾಗ ನಡುಕ ನಿಲ್ಲುವುದುಂಟು ಎಂದು ಡಾಕ್ಟರು ಅಂದರು. ನಿಮ್ಮಣ್ಣ ಆ ಒಂದು ಮಾತನ್ನು ಭದ್ರವಾಗಿ ಹಿಡಿದುಕೊಂಡರು. ಮಾರನೇ ದಿನವೇ ಒಂದು ಮದುವೆಗೆ ಹೋಗಿ ಶೂಟಿಂಗ್ ಮಾಡಿ ಬಂದರು. ನಾನು ಹಾಕಿ ನೋಡಿದೆ. ನೋಡಲಾಗಲಿಲ್ಲ. ಊಟಕ್ಕೆ ಕೂತಾಗ ಅವರು "ಹೇಗೆ ಬಂದಿದೆ?" ಅಂದರು. ಅವರು ಎರಡು ತುತ್ತು ಉಣ್ಣಲಿ ಎಂದು "ಚೆನ್ನಾಗಿದೆ" ಅಂದುಬಿಟ್ಟೆ. ಅಂದ ಮೇಲೆ ಚೆನ್ನಾಗಿ ಮಾಡಬೇಕಲ್ಲ. ಎರಡು ದಿನ ಮೆಷಿನ್ ಓಡಿಸಿ ಅಲುಗಾಟ ತೆಗೆದು ತೋರಿಸಿದೆ. ಅವರು ಮಗುವಿನ ಹಾಗೆ ನಕ್ಕರು. "ನೋಡಿದ್ಯಾ, ಕ್ಯಾಮೆರಾ ಹಿಡಿದ್ರೆ ನನ್ನ ಕೈ ತಾನಾಗಿ ನಿಲ್ಲುತ್ತೆ!"

ಅಂದಿನಿಂದ ಇದೇ. ಬಿಸಿ ತುಪ್ಪ, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ. ಆ ನಂಬಿಕೆಯಲ್ಲೇ ಅವರು ಗಾಜಿನ ಕಾರ್ಖಾನೆಯನ್ನು ಒಪ್ಪಿಕೊಂಡಿದ್ದಾರೆ. ಸೆಪ್ಟೆಂಬರಿನ ಆ ಬೆಳಿಗ್ಗೆ ನಾಲ್ಕು ಜನರ ಮುಂದೆ ತಮ್ಮ ಕೈಯನ್ನು ತಾವೇ ನೋಡಿಬಿಟ್ಟರೆ ಏನು ಮಾಡಲಿ?

ಡಿಸ್ಕಿನಲ್ಲಿ ಶಬ್ದವನ್ನು ಅಳಿಸದೆ ಬಿಟ್ಟಿದ್ದೆ. ನೀನು ಅವರ ದನಿ ಕೇಳಿಸಿಕೊಂಡಿದ್ದರೆ ನಾನು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ನೀನೋ, ಶಬ್ದ ಮುಚ್ಚಿ ಓಡಿಸಿದೆ.

ಜೂನ್ 20

ನಮ್ಮ ಗಡಿಯಾರಕ್ಕೆ,

ನಿನ್ನ ಕಾಗದ ಓದಿದೆ. ಇಷ್ಟೆಲ್ಲ ಶ್ರಮಪಟ್ಟೆಯಲ್ಲ, ಸಂತೋಷ. ಅದನ್ನು ತೆಗೆದವರು ಒಬ್ಬ ಬದಲಿ ಕ್ಯಾಮೆರಾದವರು. ನಿಮ್ಮಣ್ಣನಿಗೆ ಅಂದು ಬಿಡುವಿರಲಿಲ್ಲ. ಒಳ್ಳೆಯ ಮನುಷ್ಯ, ಅವರನ್ನು ಆಡಿಕೊಳ್ಳಬೇಡ.

ಬೇರೆ ದಾರಿಯೇ ಇಲ್ಲವೇ? ತುಣುಕನ್ನು ನಾಲ್ಕು ಭಾಗ ಮಾಡಿ ನಾಲ್ಕು ಮೆಷಿನ್ನಿಗೆ ಕೊಟ್ಟರೆ? ಇನ್ನೊಂದು ಸಲ ನೋಡು. ನೀನು ಬಿಟ್ಟರೆ ಕೇಳಲು ನನಗೆ ಯಾರೂ ಇಲ್ಲ.

ಅತ್ತಿಗೆ

ಜುಲೈ 2

ಅತ್ತಿಗೆಗೆ ನಮಸ್ಕಾರ.

ಭಾಗ ಮಾಡಿ ನೋಡಿದೆ. ಶಾಟ್‌ಗಳು ಚಿಕ್ಕವಾಗಿದ್ದರೆ ಹಂಚಬಹುದಿತ್ತು. ಆದರೆ ಈ ಮನುಷ್ಯನೂ ಅಣ್ಣನ ಹಾಗೆ ಕ್ಯಾಮೆರಾ ನಿಲ್ಲಿಸುವುದೇ ಇಲ್ಲ, ಎಂಟು ನಿಮಿಷವೂ ಒಂದೇ ಉಸಿರು. ನಡುವೆ ಕತ್ತರಿಸಿದರೆ ಪ್ರತಿ ತುಂಡೂ ತನ್ನದೇ ನೆಲವೇ ಮಟ್ಟ ಎಂದುಕೊಳ್ಳುತ್ತದೆ, ಜೋಡಿಸಿದ ಕಡೆ ಚಿತ್ರ ಎಗರುತ್ತದೆ. ತೇಪೆ ಹಾಕಿದ ಬಟ್ಟೆಯ ಹಾಗೆ ಕಾಣುತ್ತದೆ. ನನ್ನಿಂದ ಆಗಲಿಲ್ಲ ಅತ್ತಿಗೆ. ಕಾರ್ಖಾನೆಗೆ ಅಣ್ಣನೇ ಹೋಗಲಿ, ಆಗ ಈ ತಾಪತ್ರಯವೇ ಇರುವುದಿಲ್ಲ.

ಒಂದು ವಿಚಿತ್ರ ಕಂಡೆ. ಸಾಫ್ಟ್‌ವೇರು ಅಲುಗಾಟವನ್ನು ಗೆರೆಯಾಗಿ ಬರೆದು ತೋರಿಸುತ್ತದೆ. ಹೊಸಬರ ಗೆರೆ ಕೋಳಿ ಕೆದರಿದ ಹಾಗಿರುತ್ತದೆ. ಇವರದು ಗರಗಸದ ಹಲ್ಲು! ಸೆಕೆಂಡಿಗೆ ಸರಿಯಾಗಿ ಐದು ಸಲ, ತಪ್ಪದೆ. ನನ್ನ ಕೈಗಡಿಯಾರವೂ ಇಷ್ಟು ಸರಿಯಿಲ್ಲ.

ಇನ್ನು ಸಿಹಿ ಸುದ್ದಿ. ನಮ್ಮ ಸಂಪಾದಕರಿಗೆ ಇದು ಬಹಳ ಹಿಡಿಸಿ, ಇನ್ನು ಮುಂದೆ ಪತ್ರಿಕೆ ಪರೀಕ್ಷಿಸುವ ಪ್ರತಿ ಮೆಷಿನ್ನಿಗೂ ಈ ತುಣುಕನ್ನೇ ಕೊಡುವುದೆಂದು ಮಾಡಿದ್ದಾರೆ. ಪರದೆಯ ಎಡಕ್ಕೆ ಮೂಲ, ಬಲಕ್ಕೆ ಅಲುಗಾಟ ತೆಗೆದದ್ದು. ಪತ್ರಿಕೆಯ ಜೊತೆಗೆ ಕೊಡುವ ಡಿಸ್ಕಿನಲ್ಲೂ ಅದು ಇದೆ. ಕೊನೆಯಲ್ಲಿ ಅಣ್ಣನ ಸ್ಟುಡಿಯೋದ ಹೆಸರು ದೊಡ್ಡ ಅಕ್ಷರದಲ್ಲಿ ಬರುತ್ತದೆ! ಹೊಸ ಮೆಷಿನ್ನಿನ ಸುದ್ದಿ ಎತ್ತಿಲ್ಲ, ಹೆದರಬೇಡಿ. ಅಣ್ಣನ ಹೆಸರಿಗೇ ಒಂದು ಪ್ರತಿ ಇವತ್ತೇ ಕಳಿಸಿದ್ದೇನೆ. ಅವನ ಮುಖ ಹೇಗಾಯಿತು ಅಂತ ಬರೆಯಿರಿ.

ನಿಮ್ಮ
ಗಡಿಯಾರ

ಜುಲೈ 7

ಅತ್ತಿಗೆ,

ಈ ಕಾಗದ ನಿಮ್ಮ ಕೈ ಸೇರುವಷ್ಟರಲ್ಲಿ ಆಗಬೇಕಾದದ್ದು ಆಗಿ ಹೋಗಿರುತ್ತದೆ. ಆದರೂ ಬರೆಯುತ್ತಿದ್ದೇನೆ, ಬೇರೇನು ಮಾಡಲಿ?

ಮುಂದಿನ ಸಂಚಿಕೆಗೆ ನಾಲ್ಕು ಸಾಲು ಬರೆಯಬೇಕಿತ್ತು. ಅದಕ್ಕಾಗಿ ಇವತ್ತು ಮಧ್ಯಾಹ್ನ ಮೊದಲ ಸಲ ಆ ತುಣುಕನ್ನು ಶಬ್ದ ಹಾಕಿ ನೋಡಿದೆ. ಒಂದು ಪುಟ್ಟ ಹುಡುಗಿ ಓಡುತ್ತಾಳೆ, ಬೂಟಿನ ದಾರ ಬಿಚ್ಚಿದೆ. ಕ್ಯಾಮೆರಾ ಅವಳ ಹಿಂದೆಯೇ ಓಡುತ್ತದೆ. ಕ್ಯಾಮೆರಾದ ಹಿಂದಿನಿಂದ ಮೆಲ್ಲಗೆ ಒಂದು ದನಿ: "ಬಂದೆ, ಬಂದೆ, ಇಗೋ ಬಂದೆ."

ಹಾಗೆ ಅನ್ನುವವನು ಲೋಕದಲ್ಲಿ ಒಬ್ಬನೇ. ನನಗೆ ಸೈಕಲ್ ಕಲಿಸುವಾಗಲೂ ಹಿಂದೆ ಓಡುತ್ತಾ ಹೀಗೇ ಅನ್ನುತ್ತಿದ್ದ.

ಎಷ್ಟು ದಿನವಾಯಿತು ಅತ್ತಿಗೆ? ನನಗೇಕೆ ಹೇಳಲಿಲ್ಲ? ನಾನು ಏನೇನು ಬರೆದೆ, ಅಯ್ಯೋ, ಕುಣಿಯಲಾರದವಳು ಅಂತ ಬರೆದೆ.

ತಕ್ಷಣ ಫೋನ್ ಮಾಡಿದೆ. ಅಣ್ಣನೇ ಎತ್ತಿದ. "ಪಾರ್ಸೆಲ್ ಬಂತು ಕಣೋ! ಇನ್ನೂ ಹಾಕಿಲ್ಲ. ಸಂಜೆ ಕೆಳಗಿನ ಟೈಲರು, ಜೆರಾಕ್ಸ್ ಅಂಗಡಿಯೋರು ಎಲ್ಲಾರನ್ನೂ ಕರ್ದಿದೀನಿ. ನಿಮ್ಮತ್ತಿಗೆ ಕುರ್ಚಿ ತರೋಕೆ ಹೋಗಿದಾಳೆ." ನೋಡಬೇಡ ಎನ್ನಬೇಕು. ಏಕೆ ಎಂದರೆ ಏನು ಹೇಳಲಿ? "ಸರಿ ಅಣ್ಣ" ಅಂದೆ. "ಯಾಕೋ ದನಿ ಒಂಥರಾ ಇದೆ, ನೆಗಡಿನಾ?" ಅಂದ. "ಹೂಂ, ನೆಗಡಿ" ಅಂದೆ. ಅಷ್ಟೇ ಆದದ್ದು ನನ್ನಿಂದ.

ಈಗ ಗಂಟೆ ಆರು. ಅಲ್ಲಿ ಎಲ್ಲರೂ ಕೂತಿರುತ್ತೀರಿ.

ಜುಲೈ 9

ಗಡಿಯಾರ,

ನಿನ್ನ ಎರಡನೇ ತಾರೀಖಿನ ಕಾಗದ, ಪಾರ್ಸೆಲ್ಲು ಒಂದೇ ಟಪಾಲಿನಲ್ಲಿ ಬಂದವು. ಪಾರ್ಸೆಲ್ಲಿನ ಮೇಲೆ ನಿಮ್ಮಣ್ಣನ ಹೆಸರಿತ್ತು, ಸ್ಟುಡಿಯೋದ ಹೆಸರು ಬಂದಿರುವ ಪತ್ರಿಕೆಯ ಡಿಸ್ಕು ಎಂದಷ್ಟೇ ಅವರು ಅಂದರು. ನನಗೆ ಬಂದ ಕಾಗದವನ್ನು ಆಮೇಲೆ ಓದೋಣವೆಂದು ಒಗೆದ ಬಟ್ಟೆಯ ಮೇಲಿಟ್ಟು ಕುರ್ಚಿ ತರಲು ಓಡಿದೆ. ಆ ಕಾಗದ ಮೊದಲು ಒಡೆದಿದ್ದರೆ ಡಿಸ್ಕನ್ನು ಬಾವಿಗೆ ಹಾಕುತ್ತಿದ್ದೆ.

ಐದು ಜನ ಕೂತಿದ್ದರು. ಪರದೆಯ ಎಡಗಡೆ ಮೇಲೆ "ನಡುಗುವ ಕೈ: ಅತಿ ಕಠಿಣ ಪರೀಕ್ಷೆ" ಎಂದು ದಪ್ಪ ಅಕ್ಷರ ಬಂತು. ಟೈಲರು ನಕ್ಕರು. ನಿಮ್ಮಣ್ಣನೂ ನಕ್ಕರು. "ಯಾರ್ರೀ ಇವ್ನು, ಕುಡ್ದು ತೆಗ್ದಿದಾನಾ?" ಅಂದರು. ನಾನು ಎದ್ದು ಹೋಗಿ ಆರಿಸಬೇಕಿತ್ತು. ಆಮೇಲೆ ಆ ಹುಡುಗಿ ಬಂದಳು, ಬೂಟಿನ ದಾರ ಬಿಚ್ಚಿಕೊಂಡು. ನಿಮ್ಮಣ್ಣ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಮತ್ತೆ ಎಡಕ್ಕೆ. ನಗು ನಿಂತಿತು. ಎಂಟು ನಿಮಿಷವೂ ಅಲುಗದೆ ನೋಡಿದರು. ಸ್ಟುಡಿಯೋದ ಹೆಸರು ಬಂದಾಗ ಜೆರಾಕ್ಸ್‌ನವರು ಚಪ್ಪಾಳೆ ತಟ್ಟಿದರು. ನಿಮ್ಮಣ್ಣ ಎದ್ದು ಎಲ್ಲರಿಗೂ ಕೈಮುಗಿದು, ಬಾಗಿಲವರೆಗೆ ಹೋಗಿ ಬೀಳ್ಕೊಟ್ಟರು.

ಬಂದು ಕೇಳಿದರು: "ಎಷ್ಟು ದಿನದಿಂದ?"

"ಒಂದು ವರ್ಷ."

"ಆ ಮೆಷಿನ್ನು ದಿನಗಟ್ಟಲೆ ಓಡ್ತಿತ್ತಲ್ಲ, ಅದು ಇದಕ್ಕಾ?"

"ಹೂಂ."

ಬೈಯಲಿಲ್ಲ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಮಾರನೇ ದಿನ ಕಾರ್ಖಾನೆಯವರಿಗೆ ಫೋನ್ ಮಾಡಿಸಿ ಬೇರೆಯವರನ್ನು ನೋಡಿಕೊಳ್ಳಿ ಅಂದರು. ಸ್ಟ್ಯಾಂಡ್ ಮೇಲಿಟ್ಟು ಮಾಡಬಹುದಲ್ಲ ಎಂದೆ. "ಸ್ಟ್ಯಾಂಡ್ ಯಾರು ಬೇಕಾದ್ರೂ ಹಾಕ್ತಾರೆ. ಅದಕ್ಕೆ ನಾನ್ಯಾಕೆ?" ಅಂದರು.

ಈಗ ಮೆಷಿನ್ನಿಗೆ ನನ್ನ ಕೆಲಸವಿಲ್ಲ, ಅಲ್ಲಿ ಅವರು ಕೂತಿದ್ದಾರೆ. ಹಳೆಯ ಮೂಲ ಡಿಸ್ಕುಗಳನ್ನೆಲ್ಲ ತೆಗೆಸಿ, ಇವತ್ತಿನಿಂದ ಹಿಂದಕ್ಕೆ ಒಂದೊಂದಾಗಿ ಹಾಕಿ ನೋಡುತ್ತಿದ್ದಾರೆ. ನಡುಕ ಯಾವ ದಿನ ಶುರುವಾಯಿತೆಂದು ಹುಡುಕುತ್ತಿದ್ದಾರಂತೆ. ನಿನ್ನೆ ಬೆಳಿಗ್ಗೆಯಿಂದ ಇದೇ. ವರ್ಷದ ಹಿಂದಿನದು ಮುಗಿದು ಎರಡು ವರ್ಷಕ್ಕೆ, ಮೂರು ವರ್ಷಕ್ಕೆ ಹೋದರು. ಸ್ವಲ್ಪ ಹೊತ್ತಿನ ಹಿಂದೆ ನಿನ್ನ ಮದುವೆಯದನ್ನು ಹಾಕಿದ್ದರು. ಆಮೇಲೆ ಆರಿಸಿದರು. ಸಿಕ್ಕಿತಾ ಎಂದೆ. ಒಂದು ಚೀಟಿ ಬರೆದು, ಅಂಟು ಹಾಕಿ, "ಅವನ ಕಾಗದದ ಜೊತೆ ಇಡು, ಓದಬೇಡ" ಅಂದರು. ಓದಿಲ್ಲ.

ತಪ್ಪು ನನ್ನದು, ನಿನ್ನದಲ್ಲ. ನಿನಗೆ ಮೊದಲೇ ಹೇಳಬೇಕಿತ್ತು.

ಅತ್ತಿಗೆ

ಜುಲೈ 9

ಲೋ ಗಡಿಯಾರ,

ಅಕ್ಷರ ನೋಡಿ ನಗಬೇಡ, ಎಡಗೈಯಲ್ಲಿ ಬರೆದದ್ದು.

ನಿಮ್ಮತ್ತಿಗೆ ಏನೇನೋ ಬರೆದಿರುತ್ತಾಳೆ. ನಾನು ಚೆನ್ನಾಗಿದ್ದೇನೆ. ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ನಿನ್ನ ಕೆಲಸ ನೀನು ಮಾಡಿದ್ದೀಯ, ಚೆನ್ನಾಗಿಯೇ ಮಾಡಿದ್ದೀಯ.

ಇದು ಶುರುವಾದದ್ದು ಒಂದೂವರೆ ವರ್ಷದ ಈಚೆಗೆ. ನೋಡಿ ಖಾತ್ರಿ ಮಾಡಿಕೊಂಡಿದ್ದೇನೆ. ನಿನ್ನ ಮದುವೆಯದು ಇದರಲ್ಲಿ ಸೇರುವುದಿಲ್ಲ. ಅದು ಬೇರೆ. ನೀನು ಅಳುತ್ತಿದ್ದೆಯಲ್ಲ, ಅದಕ್ಕೆ ಅಲುಗಿದ್ದು. ಅವತ್ತು ಹೇಳಿದ ಮಾತೇ ಇವತ್ತೂ.

ನೆಗಡಿಗೆ ಬಿಸಿನೀರು ಕುಡಿ.

ಅಣ್ಣ

ಜುಲೈ 15

ಅತ್ತಿಗೆ, ನಿಮಗೆಂದು ಬರೆಯಲು ಕೂತೆ. ಟಪಾಲಿಗೆ ಹಾಕುವ ಧೈರ್ಯವಿಲ್ಲ, ಇದು ನನ್ನ ಮೇಜಿನ ಖಾನೆಯಲ್ಲೇ ಇರಲಿ.

ಅಣ್ಣನ ಚೀಟಿ ಓದಿ ಎರಡು ದಿನವಾಯಿತು. ಇವತ್ತು ಬೆಳಿಗ್ಗೆ ಮದುವೆಯ ಡಿಸ್ಕನ್ನು ಕಚೇರಿಗೆ ತಂದೆ. ಮಾಡಬಾರದಿತ್ತು. ಅಳೆಯದೆ ಇರಲು ನನಗೆ ಬರುವುದಿಲ್ಲ. ನಾನು ಸಹಿ ಹಾಕುವ ಜಾಗ ನಲವತ್ತೊಂದು ಸೆಕೆಂಡು. ಮೂವತ್ತೆರಡು ಕೋರಿನ ಮೆಷಿನ್ನಿಗೆ ಕೊಟ್ಟೆ. ಒಂದು ಕೋರು ದುಡಿಯಿತು, ಮೂವತ್ತೊಂದು ಕೂತಿದ್ದವು, ಅವುಗಳ ಜೊತೆ ನಾನೂ ಕೂತಿದ್ದೆ. ಏಳು ನಿಮಿಷಕ್ಕೆ ಗೆರೆ ಬಂತು.

ಗರಗಸದ ಹಲ್ಲು. ಸೆಕೆಂಡಿಗೆ ಐದು ಸಲ. ಮೂರು ಬಾರಿ ಎಣಿಸಿದೆ. ಅಳು ಶುರುವಾಗುವ ಮೊದಲೇ ಇದೆ, ನಾನು ಪೆನ್ನು ಮುಟ್ಟುವ ಮೊದಲೇ ಇದೆ.

ನಾಲ್ಕು ವರ್ಷ ಅದನ್ನು ಎಲ್ಲರಿಗೂ ಹಾಕಿ ತೋರಿಸಿದೆವು ಅತ್ತಿಗೆ. ಅಂದೇ ಯಾರಾದರೂ ಒಬ್ಬರು ಇದನ್ನು ಪ್ರೀತಿ ಅನ್ನದೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದರೆ. ಅಳೆಯುವವನು ನಾನೇ ಇದ್ದೆನಲ್ಲ.

ಜುಲೈ 15

ಅಣ್ಣಾ,

ನಿನ್ನ ಚೀಟಿ ಸಿಕ್ಕಿತು. ಎಡಗೈ ಅಕ್ಷರ ನನ್ನ ಬಲಗೈ ಅಕ್ಷರಕ್ಕಿಂತ ಚೆನ್ನಾಗಿದೆ. ನೆಗಡಿ ಹೋಯಿತು. ಬರುವ ಭಾನುವಾರ ನಾನೂ ನನ್ನವಳೂ ಬರುತ್ತೇವೆ, ಅತ್ತಿಗೆಗೆ ಹೇಳು.

ಮದುವೆಯದು ಬೇರೆ ಅಂದೆಯಲ್ಲ, ನಿನ್ನ ಮಾತೇ ಸರಿ. ನಾನೂ ಮೆಷಿನ್ನಿಗೆ ಹಾಕಿ ನೋಡಿದೆ. ಆ ಗೆರೆಗೂ ಈ ಗೆರೆಗೂ ಸಂಬಂಧವೇ ಇಲ್ಲ.

ಗಡಿಯಾರ